ಗಮರ್ಜೋಬ, ದೋಬ್ರೀ ದೆನ್: ಎರಡು ನಾಡಿನ ನಮಸ್ಕಾರ

ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ ವೈದ್ಯಕೀಯ ಓದುವ ಭಾರತದ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ. ಅಲ್ಲಿ ಇಳಿದವರ ಬಾಯಿಗೆ ಮೊದಲು ಬರುವ ಪದ 'ಗಮರ್ಜೋಬ'. ನಮಸ್ಕಾರ ಅಂತ ಅರ್ಥ ಹೇಳಿಕೊಡುತ್ತಾರೆ. ಅಂಗಡಿಯಾಕೆ 'ಗಮರ್ಜೋಬ' ಅಂದಳು, ನೀವೂ 'ಗಮರ್ಜೋಬ' ಅಂದಿರಿ. ತಪ್ಪೇನಲ್ಲ, ನಡೆಯುತ್ತದೆ. ಆದರೆ ಹಳೆಯ ಕ್ರಮದ ಉತ್ತರ ಬೇರೆ ಇದೆ: 'ಗಗಿಮರ್ಜೋಸ್'.

ಈ ಎರಡು ಪದಗಳ ನಡುವೆ ಏನು ನಡೆಯಿತು ಅಂತ ಬಿಡಿಸಿ ನೋಡಿದರೆ ಮಜಾ ಇದೆ. 'ಗಮರ್ಜೋಬ' ಅಂದರೆ ಗೆಲುವು. 'ಗಗಿಮರ್ಜೋಸ್' ಅಂದರೆ ನಿನಗೆ ಗೆಲುವಾಗಲಿ. ಅಂದರೆ ಒಬ್ಬರು 'ಗೆಲುವು!' ಅಂತಾರೆ, ಇನ್ನೊಬ್ಬರು 'ನಿನಗೂ ಆಗಲಿ' ಅಂತಾರೆ. ಅರ್ಧ ಕೇಜಿ ಟೊಮೆಟೊ ಕೊಳ್ಳುವ ಮುಂಚೆ ಇಷ್ಟು ದೊಡ್ಡ ಹಾರೈಕೆ ಕೈ ಬದಲಾಗಿರುತ್ತದೆ.

ಇದೇ ಟೊಮೆಟೊ ಕೊಳ್ಳಲು ಜೆಕ್ ದೇಶದ ಪ್ರಾಗ್ ನಗರದ ಚಿಕ್ಕ ಅಂಗಡಿಯೊಂದಕ್ಕೆ ಹೋಗಿ. ಬಾಗಿಲು ತೆಗೆದ ತಕ್ಷಣ 'ದೋಬ್ರೀ ದೆನ್' ಅನ್ನಬೇಕು. ಒಳ್ಳೆಯ ದಿನ, ಅಷ್ಟೇ ಅರ್ಥ. ಅವರೂ 'ದೋಬ್ರೀ ದೆನ್' ಅಂತಾರೆ. ಹಾರೈಕೆ ಅಂತ ಯಾರೂ ಅದನ್ನು ತೂಗಿ ನೋಡುವುದಿಲ್ಲ. ಆದರೆ ಅನ್ನದೆ ಒಳಗೆ ನುಗ್ಗಿದರೆ ಒರಟ ಅನ್ನಿಸಿಕೊಳ್ಳುತ್ತೀರಿ.

ಎರಡೂ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ಜಾರ್ಜಿಯನ್ ಮರ್ಯಾದೆಯ ಮಾತು ಏನನ್ನೋ ಕೊಡುತ್ತದೆ. ಗೆಲುವು ಕೊಡುತ್ತದೆ, ಶಾಂತಿ ಕೊಡುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ಕೊಡುತ್ತದೆ. ಜೆಕ್ ಮರ್ಯಾದೆಯ ಮಾತು ಅಳೆಯುತ್ತದೆ. ನಾನು ಎಲ್ಲಿ ನಿಂತಿದ್ದೇನೆ, ನೀವು ಎಲ್ಲಿ ನಿಂತಿದ್ದೀರಿ, ನಡುವೆ ಎಷ್ಟು ಜಾಗ ಇದೆ. ಇದಕ್ಕೆ ಅಪವಾದಗಳೂ ಇವೆ, ಮುಂದೆ ಬರುತ್ತವೆ.

ಮೊದಲು ಗೆಲುವಿನ ವಿಷಯ ಮುಗಿಸೋಣ. ಜಾರ್ಜಿಯಾ ಚಿಕ್ಕ ದೇಶ, ಜನ ನಲವತ್ತು ಲಕ್ಷಕ್ಕೂ ಕಡಿಮೆ. ಪರ್ಷಿಯನ್ನರು, ಅರಬರು, ಮಂಗೋಲರು, ತುರ್ಕರು, ರಷ್ಯನ್ನರು, ಎಲ್ಲರೂ ಆ ದಾರಿಯಲ್ಲಿ ಬಂದವರೇ. 1795ರಲ್ಲಿ ಪರ್ಷಿಯಾದ ಆಘಾ ಮೊಹಮ್ಮದ್ ಖಾನ್ ತ್ಬಿಲಿಸಿಯನ್ನು ಸುಟ್ಟು ಹಾಳುಗೆಡವಿದ. ಇಷ್ಟು ಯುದ್ಧ ನೋಡಿದವರು ಗೆಲುವು ಅಂತಲೇ ನಮಸ್ಕರಿಸುತ್ತಾರೆ ಅಂತ ಜಾರ್ಜಿಯನ್ನರೇ ವಿವರಿಸುತ್ತಾರೆ. ಪದದ ಬೇರು ಮಾತ್ರ ಕತ್ತಿಗಿಂತ ಸೌಮ್ಯವಾದದ್ದು. 'ಮರ್ಜ್ವೆನ' ಅಂದರೆ ಬಲಗಡೆ, 'ಮರ್ಜ್ವೆ' ಅಂದರೆ ಕೈಚಳಕ ಇರುವವನು. ಬಲಗೈ ಓಡಿದರೆ ಕೆಲಸ ಕೈಗೂಡುತ್ತದೆ, ಕೈಗೂಡಿದ್ದೇ ಗೆಲುವು. ನಮ್ಮಲ್ಲೂ 'ಬಲ' ಅಂದರೆ ಒಂದು ಕಡೆ ಬಲಗಡೆ, ಇನ್ನೊಂದು ಕಡೆ ಶಕ್ತಿ, ಅಲ್ವಾ?

ನಮ್ಮಲ್ಲಿ ಇನ್ನೂ ಒಂದು ಹಳೆಯ ನೆಂಟತನ ಸಿಗುತ್ತದೆ. ಹಳಗನ್ನಡದಲ್ಲಿ ದೊಡ್ಡವರು ಬಂದರು ಅನ್ನಲು 'ಬಿಜಯಂಗೆಯ್ದರು' ಅನ್ನುತ್ತಿದ್ದರು. ಬಿಜಯ ಅಂದರೆ ವಿಜಯ. ರಾಜ ಅಂಗಳಕ್ಕೆ ಕಾಲಿಟ್ಟರೂ ಅದು ವಿಜಯವೇ. ನಾವು ಆ ಪದವನ್ನು ಪುಸ್ತಕದಲ್ಲಿ ಬಿಟ್ಟೆವು. ಜಾರ್ಜಿಯನ್ನರು ಗೆಲುವನ್ನು ತರಕಾರಿ ಅಂಗಡಿಗೂ ತಂದಿಟ್ಟುಕೊಂಡರು.

ಊಟದ ಮೇಜಿನಲ್ಲಿ ಅದೇ ಬೇರು ಮತ್ತೆ ಏಳುತ್ತದೆ. ಜಾರ್ಜಿಯಾದ ಔತಣಕ್ಕೆ 'ಸುಪ್ರ' ಅನ್ನುತ್ತಾರೆ. ಅದನ್ನು ನಡೆಸುವವನು 'ತಮದ'. ಅವನು ಎದ್ದು ನಿಂತು ದೇಶಕ್ಕೆ, ತೀರಿಕೊಂಡವರಿಗೆ, ಮಕ್ಕಳಿಗೆ, ಬಂದ ಅತಿಥಿಗೆ ಅಂತ ಒಂದೊಂದಾಗಿ ಮಾತಾಡಿ ವೈನ್ ಲೋಟ ಎತ್ತುತ್ತಾನೆ. ಎಲ್ಲರೂ 'ಗಉಮರ್ಜೋಸ್!' ಅಂತ ಕೂಗುತ್ತಾರೆ. ಗಮನಿಸಿ: 'ಗಗಿಮರ್ಜೋಸ್' ಅಂದರೆ ನಿನಗೆ ಗೆಲುವಾಗಲಿ, 'ಗಉಮರ್ಜೋಸ್' ಅಂದರೆ ಅವನಿಗೆ ಗೆಲುವಾಗಲಿ, 'ಗಗ್ವಿಮರ್ಜೋಸ್' ಅಂದರೆ ನಮಗೆ ಗೆಲುವಾಗಲಿ. ಯಾರಿಗೆ ಅನ್ನುವುದು ಪದದ ಹೊಟ್ಟೆಯೊಳಗೇ ಬದಲಾಗುತ್ತದೆ. ಕನ್ನಡದಲ್ಲಿ ಬಾಲ ಬದಲಾಗುತ್ತದೆ: ಬಂದೆ, ಬಂದ, ಬಂದರು. ಜಾರ್ಜಿಯನ್ನಿನಲ್ಲಿ ಹೊಟ್ಟೆಯೂ ಬದಲಾಗುತ್ತದೆ. ಕಲಿಯುವವರು ಒದ್ದಾಡುವುದು ಇಲ್ಲೇ.

ಜೆಕ್‌ನವರು ಲೋಟ ಎತ್ತಿದಾಗ 'ನ ಜ್ದ್ರವೀ' ಅಂತಾರೆ. ಆರೋಗ್ಯಕ್ಕೆ! ಕೈಯಲ್ಲಿರುವುದು ಹೆಚ್ಚಾಗಿ ಬಿಯರ್. ಲೋಟ ತಾಗಿಸುವಾಗ ಎದುರಿನವರ ಕಣ್ಣನ್ನೇ ನೋಡಬೇಕು, ಅದು ನಿಯಮ. ಭಾಷಣ ಗೀಷಣ ಇಲ್ಲ. ಸೀನಿದಾಗಲೂ ಜೆಕ್‌ನವರು ಅದನ್ನೇ ಹೇಳುತ್ತಾರೆ. ಜಾರ್ಜಿಯನ್ನರು ಸೀನಿದವರಿಗೆ 'ಇತ್ಸೋತ್ಸ್ಖ್ಲೆ' ಅಂತಾರೆ. ಬದುಕು ಅಂತ ಅರ್ಥ. ಸೀನಿದ ಮಗುವಿಗೆ ನಮ್ಮ ಅಜ್ಜಿಯರು 'ಚಿರಂಜೀವಿ' ಅಂದಂತೆಯೇ.

ಈ ವ್ಯಂಜನಗಳ ರಾಶಿ ನೋಡಿ ಹೆದರಬೇಡಿ. ಎರಡೂ ಭಾಷೆಗಳು ಸ್ವರದ ವಿಷಯದಲ್ಲಿ ಸ್ವಲ್ಪ ಜಿಪುಣ. ಒತ್ತಕ್ಷರ ಬರೆದು ಅಭ್ಯಾಸ ಇರುವ ನಮಗೆ ಓದಲಾದರೂ ಒಂದು ದಾರಿ ಇದೆ.

ಗೆಲುವಿನ ಜೊತೆ ಜಾರ್ಜಿಯನ್ನಿನಲ್ಲಿ ಶಾಂತಿಯೂ ಓಡಾಡುತ್ತದೆ. ಬೆಳಗ್ಗೆ 'ದಿಲ ಮ್ಶ್ವಿದೋಬಿಸ', ಶಾಂತಿಯ ಬೆಳಗು. ಸಂಜೆ 'ಸಘಮೋ ಮ್ಶ್ವಿದೋಬಿಸ', ಶಾಂತಿಯ ಸಂಜೆ. ಪ್ರಯಾಣ ಹೊರಟವರಿಗೆ 'ಗ್ಜ ಮ್ಶ್ವಿದೋಬಿಸ', ದಾರಿ ಶಾಂತವಾಗಿರಲಿ. ಜೆಕ್‌ನಲ್ಲಿ ಇಲ್ಲೆಲ್ಲ ಬರೀ 'ಒಳ್ಳೆಯ': ಒಳ್ಳೆಯ ಬೆಳಗು, ಒಳ್ಳೆಯ ಸಂಜೆ, ಒಳ್ಳೆಯ ರಾತ್ರಿ. ಊಟಕ್ಕೆ ಕೂತವರಿಗೆ 'ದೋಬ್ರೌ ಖುತ್ಯ್', ಒಳ್ಳೆಯ ರುಚಿ. ಅಂದಹಾಗೆ 'ದೋಬ್ರೀ ದೆನ್'ನ 'ದೆನ್' ನಮಗೆ ಪೂರ್ತಿ ಅಪರಿಚಿತ ಅಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ದಿನ'ಕ್ಕೂ ಅದಕ್ಕೂ ಮೂಲ ಒಂದೇ. ಜೆಕ್ ಇಂಡೋ-ಯುರೋಪಿಯನ್ ಕುಟುಂಬದ ಭಾಷೆ. ಜಾರ್ಜಿಯನ್ ಹಾಗಲ್ಲ. ಅದರ ಕುಟುಂಬದಲ್ಲಿ ಮೆಗ್ರೆಲಿಯನ್, ಸ್ವಾನ್, ಲಾಜ್ ಅಂತ ಅಕ್ಕಪಕ್ಕದ ಕೆಲವು ಭಾಷೆಗಳು ಬಿಟ್ಟರೆ ಬೇರೆ ನೆಂಟರಿಲ್ಲ.

ಈಗ ನೀನು-ನೀವು. ಎರಡೂ ಕಡೆ ಈ ಭೇದ ಇದೆ, ಎರಡೂ ಕಡೆ ಬಹುವಚನವೇ ಮರ್ಯಾದೆ. ಇದು ನಮಗೆ ಹೇಳಿಕೊಡಬೇಕಾದ ಪಾಠವೇ ಅಲ್ಲ. ಇಂಗ್ಲಿಷಿನವರು ಒದ್ದಾಡುವ ಕಡೆ ನಾವು ನೆಟ್ಟಗೆ ನಡೆದುಬಿಡುತ್ತೇವೆ.

ಜಾರ್ಜಿಯನ್ನಿನಲ್ಲಿ ಮರ್ಯಾದೆಯ ಗುರುತು ಪದದ ಕೊನೆಗೆ ಸೇರುವ ಒಂದು 'ತ್'. ಗೆಳೆಯನಿಗೆ 'ಗಮರ್ಜೋಬ', ಹಿರಿಯರಿಗೆ 'ಗಮರ್ಜೋಬತ್'. ಥ್ಯಾಂಕ್ಸ್ ಹೇಳುವಾಗ ಸಲಿಗೆಯಲ್ಲಿ 'ಗ್ಮದ್ಲೋಬ್', ಮರ್ಯಾದೆಯಲ್ಲಿ 'ಗ್ಮದ್ಲೋಬ್ತ್'. ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಈ 'ತ್' ಕ್ರಿಯಾಪದಕ್ಕೆ ಸೇರಬೇಕಾದದ್ದು. ಆದರೆ ಗಮರ್ಜೋಬ ನಾಮಪದ. ಗೆಲುವು ಅನ್ನುವ ಪದಕ್ಕೇ ಬಹುವಚನದ ಮರ್ಯಾದೆ ಅಂಟಿಸಿಬಿಟ್ಟಿದ್ದಾರೆ! ಧಾರವಾಡದವರಿಗೆ ಇದು ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ. 'ನಮಸ್ಕಾರ್ರೀ' ಅನ್ನುವುದಿಲ್ಲವೇ? ಹೌದ್ರೀ, ಇಲ್ರೀ, ಸಾಕ್ರೀ. ಏನು ಸಿಕ್ಕರೂ ಅದಕ್ಕೊಂದು 'ರೀ'. ಗಮರ್ಜೋಬತ್ ಅಂದರೆ ಪಕ್ಕಾ ನಮಸ್ಕಾರ್ರೀ.

ಜೆಕ್‌ನಲ್ಲೂ ಕಾಕತಾಳೀಯವಾಗಿ ಅದೇ ಸದ್ದು. ಗೆಳೆಯನಲ್ಲಿ ಕ್ಷಮೆ ಕೇಳಿದರೆ 'ಪ್ರೋಮಿನ್', ಅಪರಿಚಿತರಲ್ಲಿ 'ಪ್ರೋಮಿನ್ತೆ'. ಕನ್ನಡದ ಕ್ಷಮಿಸು, ಕ್ಷಮಿಸಿ ಇದ್ದ ಹಾಗೆ.

ವ್ಯತ್ಯಾಸ ಇರುವುದು ನೀವು ಇಂದ ನೀನು ಕಡೆಗೆ ದಾಟುವ ಕ್ರಮದಲ್ಲಿ. ಜೆಕ್‌ನವರಿಗೆ ಅದು ಒಂದು ಸಣ್ಣ ಶಾಸ್ತ್ರ. ನೀನು ಅನ್ನುವುದಕ್ಕೆ 'ತಿಕಾನೀ', ನೀವು ಅನ್ನುವುದಕ್ಕೆ 'ವಿಕಾನೀ' ಅಂತ ಬೇರೆ ಬೇರೆ ಹೆಸರೇ ಇದೆ. ಆಫೀಸಿನಲ್ಲಿ ವರ್ಷಗಟ್ಟಲೆ ಪಕ್ಕದ ಮೇಜಿನಲ್ಲಿ ಕೂತವರೂ 'ನೀವು' ಅಂತಲೇ ಇರಬಹುದು. ಒಂದು ದಿನ ಒಬ್ಬರು 'ನಾವು ನೀನು ಅಂತ ಮಾತಾಡೋಣವೇ?' ಅಂತ ಕೇಳುತ್ತಾರೆ. ಯಾರು ಕೇಳಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಹಿರಿಯರು ಕಿರಿಯರಿಗೆ, ಹೆಂಗಸು ಗಂಡಸಿಗೆ, ಮೇಲಧಿಕಾರಿ ಕೆಳಗಿನವರಿಗೆ. ಉಲ್ಟಾ ಆಗಬಾರದು. ಒಪ್ಪಿದರೆ ಕೈ ಕುಲುಕಿ, ಈಗಾಗಲೇ ಗೊತ್ತಿರುವ ಹೆಸರನ್ನೇ ಮತ್ತೆ ಹೇಳಿ ಪರಿಚಯ ಮಾಡಿಕೊಳ್ಳುತ್ತಾರೆ. ಲೋಟವೂ ತಾಗುವುದುಂಟು. ಆಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಹೋದರೆ ಜಗಳ ಅಂತಲೇ ಅರ್ಥ. ಹುಡುಗರಿಗೆ ಇದ್ಯಾವ ತಲೆಬಿಸಿಯೂ ಇಲ್ಲ. ಅವರು ಮೊದಲ ಭೇಟಿಯಲ್ಲೇ ನೀನು. ಎರಡನೆಯದಕ್ಕೆ 'ತಿ ವೊಲೆ', ಅಂದರೆ ಎಲೋ ಎತ್ತೇ! ನಮ್ಮ ಹುಡುಗರ 'ಲೋ ಗೂಬೆ' ಇದ್ದ ಹಾಗೆ, ಪ್ರೀತಿಯಿಂದಲೇ.

'ನೀನು' ಅನ್ನುವವರ ಲೋಕದ ನಮಸ್ಕಾರ 'ಅಹೋಯ್'. ಬಂದಾಗಲೂ ಅದೇ, ಹೋಗುವಾಗಲೂ ಅದೇ. ಇದು ನಾವಿಕರ ಕೂಗು. ಜೆಕ್ ದೇಶಕ್ಕೆ ಸಮುದ್ರವೇ ಇಲ್ಲ! ಹಾಗಿದ್ದರೆ ಬಂದದ್ದು ಹೇಗೆ? ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಪ್ರಾಗ್‌ನ ಯುವಕರು ವಾರದ ಕೊನೆಗೆ ಕಾಡು, ನದಿ ಅಂತ ಅಲೆಯುವ ಹುಚ್ಚು ಹಿಡಿಸಿಕೊಂಡರು. ದೋಣಿ ಹುಟ್ಟು ಹಾಕುವವರು, ಸ್ಕೌಟ್ ಹುಡುಗರು, ಟೆಂಟ್ ಹೊತ್ತವರು. ಅವರು ನಾವಿಕರ ಕೂಗನ್ನು ಎತ್ತಿಕೊಂಡರು. ಅಲ್ಲಿಂದ ಅದು ಶಾಲೆಗೆ, ಮನೆಗೆ, ಎಲ್ಲ ಕಡೆ ಹಬ್ಬಿತು. ಇವತ್ತಿಗೂ ಬೇಸಿಗೆಯಲ್ಲಿ ವ್ಲ್ತವಾ ನದಿಯಲ್ಲಿ ದೋಣಿ ಎದುರಾದರೆ ಗುರುತು ಪರಿಚಯ ಇಲ್ಲದಿದ್ದರೂ 'ಅಹೋಯ್!' ಅಂತ ಕೂಗುತ್ತಾರೆ. ನೀರಿಗಿಳಿದ ಮೇಲೆ ಎಲ್ಲರೂ ನೀನು. ದಡ ಹತ್ತಿ ಅಂಗಡಿಗೆ ಹೋದರೆ ಮತ್ತೆ 'ದೋಬ್ರೀ ದೆನ್', ಮತ್ತೆ ನೀವು. ಸಮುದ್ರವಿಲ್ಲದ ಈ ಜನಕ್ಕೆ ಸಮುದ್ರದ ಒಂದು ತುಂಡು ಇನ್ನೂ ಉಳಿದಿದೆ ಅನ್ನುವುದು ಬೇರೆ ಕತೆ. ಮೊದಲ ಮಹಾಯುದ್ಧದ ನಂತರದ ವರ್ಸೇ ಒಪ್ಪಂದದ ಫಲವಾಗಿ ಜರ್ಮನಿಯ ಹ್ಯಾಂಬರ್ಗ್ ಬಂದರಿನ ಒಂದು ಮೂಲೆ ಅವರಿಗೆ 99 ವರ್ಷದ ಭೋಗ್ಯಕ್ಕೆ ಸಿಕ್ಕಿತು. ಆ ಗಡುವು ಮುಗಿಯುವುದು 2028ರಲ್ಲಿ.

ಅಪವಾದ ಅಂದೆನಲ್ಲ, ಅದು 'ನಜ್ದರ್'. ಇದೂ ಜೆಕ್‌ನವರ ಸಲಿಗೆಯ ನಮಸ್ಕಾರ, ಈಗ ಸ್ವಲ್ಪ ಹಳೆಯ ಕಾಲದ ವಾಸನೆ. ಅರ್ಥ: ಕೆಲಸ ಕೈಗೂಡಲಿ. ಅಂದರೆ ಗಮರ್ಜೋಬದ ಖಾಸಾ ತಮ್ಮ! 1862ರಲ್ಲಿ ಪ್ರಾಗ್‌ನಲ್ಲಿ ಶುರುವಾದ 'ಸೋಕೋಲ್' ಅನ್ನುವ ವ್ಯಾಯಾಮ ಸಂಘದವರು ಇದನ್ನು ಮೆರೆಸಿದರು. ಆಗ ಜೆಕ್‌ನವರು ಆಸ್ಟ್ರಿಯಾದ ಚಕ್ರವರ್ತಿಯ ಕೈಕೆಳಗಿದ್ದರು. ಗರಡಿಯಲ್ಲಿ ಮೈ ಹುರಿಗೊಳಿಸುವುದೂ ನಾಡಿನ ಕೆಲಸ ಅಂತ ನಂಬಿದ್ದವರು. ಗಣಿ ಕೆಲಸಗಾರರು ಇಂದಿಗೂ 'ಜ್ದರ್ಜ್ ಬೂಹ್' ಅಂತಾರೆ, ದೇವರು ಕೈಗೂಡಿಸಲಿ ಅಂತ. ಭೂಮಿಯ ಹೊಟ್ಟೆಗೆ ಇಳಿಯುವವರಿಗೆ 'ಒಳ್ಳೆಯ ದಿನ' ಸಾಲದು. 1948ರಿಂದ 1989ರವರೆಗಿನ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ 'ಚೆಸ್ತ್ ಪ್ರಾಟ್ಸಿ' ಅನ್ನುವುದು ಸರ್ಕಾರಿ ನಮಸ್ಕಾರವಾಗಿತ್ತು. ದುಡಿಮೆಗೆ ಗೌರವ ಅಂತ ಅರ್ಥ. ಆಳ್ವಿಕೆ ಹೋಯಿತು, ಪದವೂ ಹೋಯಿತು. ಈಗ ಅಂದರೆ ತಮಾಷೆಗೆ.

ಕರೆಯುವ ಕ್ರಮಕ್ಕೆ ಬಂದರೆ ಜೆಕ್‌ನವರ ಅಳತೆಪಟ್ಟಿ ಇನ್ನೂ ಸೂಕ್ಷ್ಮ. 'ಪನೆ' ಅಂದರೆ ಸ್ವಾಮಿ, 'ಪನೀ' ಅಂದರೆ ಅಮ್ಮಾವರು. ಅದಕ್ಕೆ ಮನೆತನದ ಹೆಸರನ್ನೋ ಪದವಿಯನ್ನೋ ಸೇರಿಸಬೇಕು. ಡಾಕ್ಟರಿಗೆ 'ಪನೆ ದೋಕ್ತೋರೆ'. ಹೈಸ್ಕೂಲಿನ ಮೇಷ್ಟರಿಗೂ 'ಪನೆ ಪ್ರೋಫೆಸೋರೆ'! ಕರೆಯುವಾಗ ಹೆಸರಿನ ಬಾಲವೂ ತಿರುಗುತ್ತದೆ. ಮರೆಕ್ ಇದ್ದವನು ಮರ್ಕು ಆಗುತ್ತಾನೆ, ಯಾನ ಇದ್ದವಳು ಯಾನೋ. ನಮ್ಮ ರಂಗ 'ರಂಗಾ' ಆಗುವ ಹಾಗೆ. ಆದರೆ ನಮ್ಮದು ಸುಮ್ನೆ ಎಳೆದರೆ ಆಯ್ತು. ಅವರದು ವ್ಯಾಕರಣದ ಐದನೇ ವಿಭಕ್ತಿ, ತಪ್ಪಿದರೆ ಕಿವಿಗೆ ಕಲ್ಲು.

ಜಾರ್ಜಿಯನ್ನರು ಮನೆತನದ ಹೆಸರಿನ ಗೋಜಿಗೆ ಹೋಗುವುದಿಲ್ಲ. ಗಂಡಸರಿಗೆ 'ಬತೋನೋ', ಹೆಂಗಸರಿಗೆ 'ಕಲ್ಬತೋನೋ', ಅದರ ಜೊತೆ ಇಟ್ಟ ಹೆಸರು: ಬತೋನೋ ಗಿಯೋರ್ಗಿ, ಕಲ್ಬತೋನೋ ನಿನೋ. ಬತೋನಿ ಅಂದರೆ ಒಡೆಯ, ಧಣಿ. ಧಣಿಗಳ ಕಾಲ ಹೋದರೂ ಪದ ಉಳಿಯಿತು, ಎಲ್ಲರೂ ಧಣಿಗಳಾದರು. ಮಂಗಳೂರು ಕಡೆ ಆಟೋ ಓಡಿಸುವವನೂ 'ಮಾರಾಯ', ಹತ್ತಿದವನೂ 'ಮಾರಾಯ' ಆದಂತೆ. ಅದೂ ಮಹಾರಾಯನೇ ತಾನೇ? ಯಾರಾದರೂ ಕರೆದಾಗ ಮಗು 'ರಾ?' ಅಂದರೆ, ಅಂದರೆ 'ಏನು?' ಅಂದರೆ, ಒರಟು. 'ಬತೋನೋ?' ಅನ್ನಬೇಕು. 'ಹೌದು' ಅನ್ನುವುದಕ್ಕೂ ಮೂರು ಮೆಟ್ಟಿಲು: ಗೆಳೆಯರಲ್ಲಿ 'ಹೋ', ಸಾಮಾನ್ಯವಾಗಿ 'ಕಿ', ಹಿರಿಯರ ಮುಂದೆ 'ದಿಯಾಖ್'. ಜೆಕ್‌ನಲ್ಲಿ ಹೌದು ಅಂದರೆ 'ಅನೋ'. ಅವಸರದಲ್ಲಿ 'ನೋ' ಅಷ್ಟೇ ಅಂತಾರೆ. ಅವರು 'ನೋ ನೋ' ಅಂದರೆ ಹೌದು ಹೌದು ಅಂತ! ಇಂಗ್ಲಿಷ್ ಬಲ್ಲ ಪ್ರವಾಸಿಗರು ಇಲ್ಲಿ ಬೇಸ್ತು ಬೀಳುತ್ತಾರೆ.

ಬತೋನಿಯ ಇನ್ನೊಂದು ಮುಖ ನನ್ನನ್ನು ಬಹಳ ಹಿಡಿದು ನಿಲ್ಲಿಸಿತು. ಸಿಡುಬು, ದಡಾರದಂಥ ಕಾಯಿಲೆಗಳಿಗೆ ಜಾರ್ಜಿಯಾದ ಹಳ್ಳಿಗಳಲ್ಲಿ 'ಬತೋನೆಬಿ' ಅನ್ನುತ್ತಿದ್ದರು. ಧಣಿಗಳು ಅಂತ. ಧಣಿಗಳು ಮನೆಗೆ ಅತಿಥಿಯಾಗಿ ಬಂದಿದ್ದಾರೆ, ಅವರನ್ನು ರೇಗಿಸಬಾರದು, ಜೋಗುಳದಂಥ ಹಾಡು ಹಾಡಿ ರಮಿಸಿ ಕಳಿಸಬೇಕು. ನಮ್ಮಲ್ಲಿ ಅದೇ ಕಾಯಿಲೆಗೆ 'ಅಮ್ಮ ಆಗಿದೆ' ಅನ್ನುತ್ತಾರೆ. ಎಲ್ಲಿಯ ಜಾರ್ಜಿಯಾದ ಕಾಕಸಸ್ ಬೆಟ್ಟ, ಎಲ್ಲಿಯ ಬೇವಿನ ಸೊಪ್ಪು. ಹೆದರಿಕೆ ಬಂದಾಗ ಎರಡೂ ಕಡೆ ಮರ್ಯಾದೆಯ ಪದವನ್ನೇ ಗುರಾಣಿ ಮಾಡಿಕೊಂಡಿದ್ದಾರೆ.

ಪ್ರಾಣ ಕೊಡುವ ಮಾತು ಅಂದೆ. ತ್ಬಿಲಿಸಿಯ ಸಂತೆಯಲ್ಲಿ ಹಣ್ಣು ಮಾರುವ ಅಜ್ಜಿ ನಿಮ್ಮನ್ನು 'ಗೆನತ್ಸ್ವಲೆ' ಅಂತ ಕರೆಯಬಹುದು. 'ಬಂಗಾರ' ಅಂತ ಅನುವಾದ ಮಾಡಿದರೆ ಸಾಕಾಗುವುದಿಲ್ಲ. ಪದದ ಅರ್ಥ: ನಿನ್ನ ಬದಲಿಗೆ ನಾನು ಹೋಗುತ್ತೇನೆ. ನಿನಗೆ ಬರುವ ಕೆಟ್ಟದ್ದು ನನಗೆ ಬರಲಿ. ಇದರ ಜೋಡಿ ಪದ 'ಶೆಮೋಗೆವ್ಲೆ', ನಿನ್ನ ಸುತ್ತ ಸುತ್ತುತ್ತೇನೆ. ಕಾಯಿಲೆ ಬಿದ್ದವರ ಸುತ್ತ ಸುತ್ತಿ ಕಾಯಿಲೆಯನ್ನು ತನ್ನ ಮೇಲೆ ಹಾಕಿಕೊಳ್ಳುವ ನಂಬಿಕೆ ಅದರ ಹಿಂದಿದೆ. ಇದಕ್ಕೆ ಕನ್ನಡದಲ್ಲಿ ಟಿಪ್ಪಣಿ ಬೇಕಿಲ್ಲ. ಮಗುವಿನ ಮುಖದ ಮುಂದೆ ಕೈ ನಿವಾಳಿಸಿ ನೆಟಿಕೆ ಮುರಿಯುವ ಅಜ್ಜಿಯನ್ನು ನೋಡಿದವರಿಗೆ ಗೊತ್ತು. ತಾಯಿ ತನ್ನ ಮಗುವನ್ನು ಅಲ್ಲಿ 'ದೆದ' ಅಂತಲೂ ಕರೆಯುತ್ತಾಳೆ. ದೆದ ಅಂದರೆ ಅಮ್ಮ. ಮಗಳಿಗೆ 'ಬಾಮ್ಮಾ', ಮಗನಿಗೆ 'ಬಾಪ್ಪಾ' ಅನ್ನುವ ನಮಗೆ ಅದೂ ಹೊಸದಲ್ಲ. ಅಪ್ಪನಿಗೆ ಮಾತ್ರ ಅವರು 'ಮಾಮ' ಅಂತಾರೆ. ಹುಷಾರು!

ಜೆಕ್‌ನಲ್ಲಿ ಇಷ್ಟು ಬಿಸಿ ಇಲ್ಲ. ಆದರೆ ಅಲ್ಲಿ ಒಂದೇ ಪದ ಹತ್ತು ಕೆಲಸ ಮಾಡುತ್ತದೆ: 'ಪ್ರೋಸೀಮ್'. ಅಕ್ಷರಶಃ ಬೇಡುತ್ತೇನೆ ಅಂತ. ಒಂದು ಕಾಫಿ, ಪ್ರೋಸೀಮ್. ತಗೊಳ್ಳಿ, ಪ್ರೋಸೀಮ್. ನೀವು ಥ್ಯಾಂಕ್ಸ್ ಅಂದಿರಿ, ಅದಕ್ಕೆ ಉತ್ತರ ಪ್ರೋಸೀಮ್. ಕೇಳಿಸಲಿಲ್ಲ, ಪ್ರೋಸೀಮ್? ಫೋನ್ ಎತ್ತಿದಾಗಲೂ ಪ್ರೋಸೀಮ್. ಜಾರ್ಜಿಯನ್ನಿನಲ್ಲಿ ಇದನ್ನೆಲ್ಲ ಹಂಚಿಕೊಂಡು ಮಾಡುತ್ತಾರೆ. ಕೇಳಿಕೊಳ್ಳುವಾಗ 'ತು ಶೆಇದ್ಜ್ಲೆಬ', ಅಂದರೆ ಆಗುವುದಾದರೆ. ಕೇಳಿಸದಿದ್ದರೆ ಬತೋನೋ. ಒಳಗೆ ಕರೆಯುವಾಗ 'ಮೋಬ್ರ್ದ್ಜಂದಿತ್'. ಇದು 'ಬನ್ನಿ' ಅಲ್ಲ, 'ದಯಮಾಡಿಸಿ'. ಆ ಪದದ ಬೇರಿನಲ್ಲಿ ಅಪ್ಪಣೆ ಅನ್ನುವ ಅರ್ಥ ಇದೆ. ಬರುವುದು, ಕೂರುವುದು, ತಿನ್ನುವುದು, ಎಲ್ಲಕ್ಕೂ ಅಲ್ಲಿ ದೊಡ್ಡವರಿಗೆ ಬೇರೆ ಕ್ರಿಯಾಪದ. ಜೆಕ್‌ನಲ್ಲಿ ಬಹುವಚನ ಮಾಡಿದರೆ ಕೆಲಸ ಮುಗಿಯಿತು.

ಕೃತಜ್ಞತೆಗೆ ಜೆಕ್‌ನವರು 'ದ್ಯೆಕುಯಿ' ಅಂತಾರೆ, ಜರ್ಮನ್ ಕಡೆಯಿಂದ ಬಂದ ಪದ. ಜಾರ್ಜಿಯನ್ನರ 'ಮದ್ಲೋಬ' ಹುಟ್ಟಿದ್ದು 'ಮದ್ಲಿ' ಅನ್ನುವುದರಿಂದ. ಅದು ನಮ್ಮ ಪುಣ್ಯಕ್ಕೆ ಹತ್ತಿರ. 'ನಿಮಗೆ ಪುಣ್ಯ ಬರಲಿ' ಅನ್ನುವ ಮಾತೇ ಸಂಕ್ಷೇಪವಾದ ಹಾಗೆ. ಉತ್ತರದಲ್ಲಿ ಮಾತ್ರ ಇಬ್ಬರೂ ಒಂದೇ. 'ಅರಪ್ರಿಸ್' ಅಂದರೂ, 'ನೆನೀ ಜಚ್' ಅಂದರೂ, 'ಅದಕ್ಕೇನಂತೆ' ಅಂತಲೇ ಅರ್ಥ.

ಜೆಕ್‌ನವರಲ್ಲಿ 'ಯಾಕ್ ಸೆ ಮಾತೆ?' ಅಂತ ಕೇಳುವಾಗ ಹುಷಾರು. ಹೇಗಿದ್ದೀರಿ ಅಂತ ಅರ್ಥ. (ಯಾಕೂ ಇಲ್ಲ, ಮಾತೆಯೂ ಇಲ್ಲ.) ಸುಮ್ನೆ ಬಾಯುಪಚಾರಕ್ಕೆ ಕೇಳುವ ಪ್ರಶ್ನೆ ಅಲ್ಲ ಅದು. ಕೇಳಿದರೆ ಮಂಡಿನೋವಿನಿಂದ ಹಿಡಿದು ಬಾಡಿಗೆಯವರೆಗೆ ಹೇಳಬಹುದು. ಚೆನ್ನಾಗಿದ್ದರೂ 'ಉಯ್ದೆ ತೋ' ಅಂತಾರೆ, ನಡೀತಾ ಇದೆ. ನೀವು ಕಷ್ಟ ಹೇಳಿಕೊಂಡರೆ 'ತೋ ಯೆ ಷ್ಕೋದ' ಅಂತಾರೆ, ಛೇ ಪಾಪ. ಹೌದು, ನಮ್ಮ ರಸ್ತೆಯಲ್ಲಿ ಓಡುವ ಸ್ಕೋಡಾ ಕಾರಿನದ್ದೇ ಪದ. ಕಾರಿನ ಹೆಸರು ಬಂದದ್ದು ಎಮಿಲ್ ಷ್ಕೋದ ಅನ್ನುವ ಉದ್ಯಮಿಯಿಂದ. ಆತನ ಮನೆತನದ ಹೆಸರಿನ ಅರ್ಥವೇ ನಷ್ಟ!

ಇನ್ನು ಹೊರಡುವುದು. ಇಲ್ಲಿ ಎರಡೂ ಭಾಷೆಗಳು ಒಂದೇ ಬಾಗಿಲಲ್ಲಿ ನಿಲ್ಲುತ್ತವೆ. ಜಾರ್ಜಿಯನ್ 'ನಖ್ವಮ್ದಿಸ್' ಅಂದರೆ ಮತ್ತೆ ಕಾಣುವವರೆಗೆ. ಜೆಕ್‌ನ 'ನ ಸ್ಖ್ಲೆದನೌ' ಅಂದರೆ ಮತ್ತೆ ಕಾಣುವ ತನಕ. ಪ್ರಾಗ್‌ನಲ್ಲಿ ಲಿಫ್ಟಿನಿಂದ ಇಳಿಯುವಾಗಲೂ, ಡಾಕ್ಟರ್ ಶಾಪಿನ ಬೆಂಚಿನಿಂದ ಏಳುವಾಗಲೂ, ಇನ್ನೆಂದೂ ನೋಡದ ಜನಕ್ಕೂ ಅದನ್ನು ಹೇಳಿಯೇ ಹೋಗಬೇಕು. ಹೋಗ್ತೀನಿ ಅನ್ನದೆ 'ಬರ್ತೀನಿ' ಅನ್ನುವ ನಮಗೆ ಈ ಲೆಕ್ಕ ಅರ್ಥವಾಗುತ್ತದೆ. ಆದರೆ ಫೋನಿನಲ್ಲಿ ಕಾಣುವುದೆಲ್ಲಿಂದ ಬಂತು? ಜೆಕ್‌ನವರು ಅದಕ್ಕೂ ಸರಿಯಾದ ಅಳತೆ ಹಿಡಿದಿದ್ದಾರೆ. ಫೋನ್ ಇಡುವಾಗ ಅವರು ಅನ್ನುವುದು 'ನ ಸ್ಲಿಶೆನೌ': ಮತ್ತೆ ಕೇಳಿಸುವ ತನಕ.